ಒಂದೇ ದೋಣಿ, ಒಂದೇ ನೀರು, ಎರಡು ಇಂಜಿನ್: ಒಂದು ಪ್ರಕರಣ ಅಧ್ಯಯನ

ಬೆಂಗಳೂರಿನ ಪೂರ್ವ ಭಾಗದ ಒಂದು ಕೆರೆ. ಅಲ್ಲಿ ಅಂತರಗಂಗೆ ಕಳೆ ಎಳೆಯುವ ಒಂದು ಕಬ್ಬಿಣದ ದೋಣಿ. ಅದರ ಹಿಂಭಾಗದಲ್ಲಿ ಅಕ್ಕಪಕ್ಕ ಎರಡು ಡೀಸೆಲ್ ಇಂಜಿನ್. ಎರಡೂ ಒಂದೇ ಮಾದರಿ, ಒಂದೇ ವಯಸ್ಸು. ಎರಡೂ ಒಂದೇ ರಾತ್ರಿ ಒಂದೇ ನೀರಿನಲ್ಲಿ ನೆನೆದವು. ಬಲಗಡೆಯದು ಮೂರನೇ ದಿನ ಬೆಳಗ್ಗೆ ಸ್ಟಾರ್ಟ್ ಆಯಿತು. ಎಡಗಡೆಯದನ್ನು ಕ್ರೇನಿನಲ್ಲಿ ಎತ್ತಿ ಕಲಾಸಿಪಾಳ್ಯಕ್ಕೆ ರಿಪೇರಿಗೆ ಸಾಗಿಸಬೇಕಾಯಿತು. ವಾಪಸ್ ಬರಲು ಆರು ವಾರ ಹಿಡಿಯಿತು.

ನೀರು ಎರಡಕ್ಕೂ ಒಂದೇ. ಬೇರೆಯಾಗಿದ್ದು ಸೋಮವಾರ ಮಧ್ಯಾಹ್ನ ನಾವು ಎಡಗಡೆಗೆ ಮಾಡಿದ ಒಂದು ಕೆಲಸ, ಬಲಗಡೆಗೆ ಮಾಡದೆ ಬಿಟ್ಟಿದ್ದು. ಅದಕ್ಕೇ ಇದನ್ನು ವಿವರವಾಗಿ ಬರೆದಿಡಬೇಕು ಅನ್ನಿಸಿತು. ಕೆರೆಯ ಹೆಸರು, ಗುತ್ತಿಗೆದಾರರ ಹೆಸರು, ಜನರ ಹೆಸರು ಬಿಟ್ಟಿದ್ದೇನೆ. ಗುರುತು ಸಿಗುವಂಥ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ಇಂಜಿನ್ನಿಗೆ ಏನಾಯಿತು ಅನ್ನುವುದರಲ್ಲಿ ಏನೂ ಬದಲಿಸಿಲ್ಲ.

ನಾನು ಬಸ್ ಡಿಪೋದಲ್ಲಿ ಡೀಸೆಲ್ ಇಂಜಿನ್ ನೋಡಿಕೊಂಡು ನಿವೃತ್ತನಾದವನು. ಈಗ ನಮ್ಮ ಕೆರೆ ಸಮಿತಿಯಲ್ಲಿದ್ದೇನೆ. ದೋಣಿ ಸಮಿತಿಯದಲ್ಲ, ಗುತ್ತಿಗೆದಾರರದು. ಆದರೆ ಏನಾದರೂ ಕೆಟ್ಟರೆ ಮೊದಲು ಫೋನ್ ಬರುವುದು ನನಗೇ.

ಹಿನ್ನೆಲೆ

ದೋಣಿ ಸುಮಾರು 7 ಮೀಟರ್ ಉದ್ದ. ಟ್ರ್ಯಾಕ್ಟರಿಗೆ ಹಾಕುವಂಥ ನಾಲ್ಕು ಸಿಲಿಂಡರ್ ಇಂಜಿನ್ ಎರಡು. ಒಂದೊಂದಕ್ಕೂ ಒಂದು ಶಾಫ್ಟ್, ಅದರ ತುದಿಗೆ ನೀರು ತಳ್ಳುವ ಒಂದು ಫ್ಯಾನ್. ಶಾಫ್ಟ್ ದೋಣಿಯ ಮೈ ತೂರಿ ಹೊರಗೆ ಹೋಗುವ ಕಡೆ ಗ್ಲ್ಯಾಂಡ್ ಇದೆ. ಅದರೊಳಗೆ ಗ್ರೀಸ್ ಹಚ್ಚಿದ ಹಗ್ಗ ಸುತ್ತಿ, ನಟ್ ಬಿಗಿ ಮಾಡಿ ನೀರು ತಡೆಯುತ್ತಾರೆ. ಶಾಫ್ಟ್ ತಿರುಗುವಾಗ ನಿಮಿಷಕ್ಕೆ ನಾಲ್ಕಾರು ಹನಿ ಬಿದ್ದರೆ ಅದು ಸರಿಯಾದ ಗ್ಲ್ಯಾಂಡ್. ಒಂದು ಹನಿಯೂ ಬೀಳದ ಹಾಗೆ ಬಿಗಿ ಮಾಡಿದರೆ ಶಾಫ್ಟ್ ಬಿಸಿಯಾಗಿ ಸವೆಯುತ್ತದೆ.

ಹೀಗೆ ಬಿದ್ದ ಹನಿ, ಮಳೆ ನೀರು, ಎಲ್ಲ ಹೋಗಿ ಸೇರುವುದು ದೋಣಿಯ ತಳಕ್ಕೆ. ನೆಲದ ಹಲಗೆಯ ಕೆಳಗಿರುವ ಆ ಜಾಗಕ್ಕೆ ಬಿಲ್ಜ್ ಅನ್ನುತ್ತಾರೆ. ನಮ್ಮ ಮನೆಗಳ ಸಂಪ್ ಇದ್ದ ಹಾಗೆ, ಆದರೆ ಎಂದೂ ತುಂಬಬಾರದ ಸಂಪ್. ಅಲ್ಲಿ 12 ವೋಲ್ಟಿನ ಒಂದು ಸಣ್ಣ ಪಂಪ್ ಕೂತಿರುತ್ತದೆ. ನೀರು ಏರಿದರೆ ಫ್ಲೋಟ್ ಮೇಲೇಳುತ್ತದೆ, ಪಂಪ್ ಆನ್ ಆಗುತ್ತದೆ. ನೀರು ಇಳಿದರೆ ಆಫ್. ನಮ್ಮ ದೋಣಿಯಲ್ಲಿ ಈ ಪಂಪಿಗೂ ಎರಡು ಇಂಜಿನ್ನಿನ ಸೆಲ್ಫಿಗೂ (ಇಂಜಿನ್ ಸ್ಟಾರ್ಟ್ ಮಾಡುವ ಮೋಟಾರಿಗೂ) ಸೇರಿ ಇದ್ದದ್ದು ಒಂದೇ ಬ್ಯಾಟರಿ, 150 ಆಂಪಿಯರ್ ಅವರ್ ಸಾಮರ್ಥ್ಯದ್ದು.

2022ರ ಆಗಸ್ಟ್ 27, ಶನಿವಾರ. ದೋಣಿ ಕೊನೆಯ ಸಲ ಓಡಿದ್ದು ಅವತ್ತು. ಬುಧವಾರ ಗಣೇಶ ಚತುರ್ಥಿ. ಚಾಲಕರು ಕರಾವಳಿಯವರು, ಹಬ್ಬಕ್ಕೆ ಊರಿಗೆ ಹೋದರು. ಹೆಲ್ಪರ್ ಹುಡುಗನೂ ಊರಿಗೆ ಹೋದ. ದೋಣಿ ದಡದ ಹತ್ತಿರ ಮೊಣಕಾಲಿಗಿಂತ ಸ್ವಲ್ಪ ಜಾಸ್ತಿ ನೀರಿನಲ್ಲಿ ಕಟ್ಟಿತ್ತು. "ಪಂಪ್ ಆಟೋಮ್ಯಾಟಿಕ್, ಯಾರೂ ನೋಡೋದು ಬೇಕಾಗಿಲ್ಲ" ಅಂತ ಗುತ್ತಿಗೆದಾರರ ಕಡೆಯವರು ಹೇಳಿದ್ದರು. ನಾವೂ ನಂಬಿದೆವು. ಒಂಬತ್ತು ದಿನ ಯಾರೂ ಮುಚ್ಚಳ ಎತ್ತಿ ನೋಡಲಿಲ್ಲ.

ಆ ಒಂಬತ್ತು ದಿನಗಳಲ್ಲಿ ಎರಡು ದೊಡ್ಡ ಮಳೆ ಬಂದವು. ಆಗಸ್ಟ್ 30ರ ಸುಮಾರಿಗೆ ಒಂದು. ಸೆಪ್ಟೆಂಬರ್ 4ರ ರಾತ್ರಿ ಇನ್ನೊಂದು. ಎರಡನೆಯದನ್ನು ಬೆಂಗಳೂರಿನವರು ಯಾರೂ ಮರೆತಿರಲಿಕ್ಕಿಲ್ಲ. 24 ಗಂಟೆಯಲ್ಲಿ 131.6 ಮಿ.ಮೀ. ಬಿತ್ತು. ಹೊರವರ್ತುಲ ರಸ್ತೆಯಲ್ಲಿ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು.

ಸೋಮವಾರ ಬೆಳಗ್ಗೆ

ಕೆರೆ ಕೋಡಿ ಬಿದ್ದಿತ್ತು. ಅದು ಸಂತೋಷದ ವಿಷಯ ಆಗಬೇಕಿತ್ತು, ಆದರೆ ಅಂತರಗಂಗೆಯ ದೊಡ್ಡ ಹಾಸು ತೇಲಿ ಹೋಗಿ ಕೋಡಿಯ ಬಾಯಿಗೆ ಅಡ್ಡ ಬಿದ್ದಿತ್ತು. ನೀರು ಹರಿಯುವುದು ಕಮ್ಮಿಯಾಗಿ ಹಿಂದಕ್ಕೆ ಏರುತ್ತಿತ್ತು. ಕೆರೆಯ ಇನ್ನೊಂದು ಬದಿಯ ಬಡಾವಣೆಯಲ್ಲಿ ಆಗಲೇ ಪಾದ ಮುಳುಗುವಷ್ಟು ನೀರು. ಆ ಹಾಸನ್ನು ಎಳೆಯಬೇಕಾದ ದೋಣಿಯ ಹಿಂಭಾಗ ಕೆಸರಿಗೆ ತಾಗಿ ಕೂತಿತ್ತು. ಮೂತಿ ಮಾತ್ರ ಮೇಲಿತ್ತು.

ನಮ್ಮ ಸಮಿತಿಯ ಹಿರಿಯರೊಬ್ಬರು, ದಿನಾ ಬೆಳಗ್ಗೆ ಏರಿಯ ಮೇಲೆ ವಾಕಿಂಗ್ ಬರುವ ಮೇಡಂ, ಆರೂವರೆಗೆ ಫೋನಿನಲ್ಲಿ ಒಂದು ಫೋಟೋ ತೆಗೆದು ಗ್ರೂಪಿಗೆ ಹಾಕಿದ್ದರು. ಆ ಫೋಟೋವನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದು ಒಂದು ಇಂಜಿನ್ ಉಳಿಸಿತು.

ಹೀಗೇಕಾಯಿತು ಅನ್ನುವುದು ನಮಗೆ ಪೂರ್ತಿ ಗೊತ್ತಾಗಿದ್ದು ಆಮೇಲೆ. ಇಲ್ಲೇ ಹೇಳಿಬಿಡುತ್ತೇನೆ. ಡೆಕ್ ಮೇಲಿನ ನೀರು ಹೊರಗೆ ಹೋಗುವ ತೂತುಗಳಲ್ಲಿ ಮಳೆಮರದ ಎಲೆ ಕಟ್ಟಿಕೊಂಡಿತ್ತು. ಹಾಗಾಗಿ ಮಳೆ ನೀರು ಇಂಜಿನ್ ಮುಚ್ಚಳದ ಸಂದಿಯಿಂದ ತಳಕ್ಕಿಳಿಯಿತು. ಪಂಪ್ ಕೆಲಸ ಶುರು ಮಾಡಿತು. ತಳದಲ್ಲಿ ಬಿದ್ದಿದ್ದ ಒಂದು ಹಾಲಿನ ಪ್ಯಾಕೆಟ್ ಕವರ್ ಪಂಪಿನ ಜಾಲರಿಗೆ ಅಂಟಿಕೊಂಡಿತು. ನೀರು ಹೊರಗೆ ಹೋಗುತ್ತಿಲ್ಲ, ಫ್ಲೋಟ್ ಮೇಲೇ ಇದೆ, ಮೋಟಾರ್ ತಿರುಗುತ್ತಲೇ ಇದೆ. 3 ಆಂಪಿಯರಿನಂತೆ ಎರಡು ದಿನ ತಿರುಗಿದರೆ 144 ಆಂಪಿಯರ್ ಅವರ್. ಬ್ಯಾಟರಿ ಖಾಲಿ.

ಇಲ್ಲಿಯವರೆಗೆ ಬಂದದ್ದು ಮಳೆ ನೀರು ಮತ್ತು ಗ್ಲ್ಯಾಂಡಿನ ಹನಿ. ಆದರೆ ನೀರಿಗೆ ತೂಕ ಇದೆ. ಆ ತಳದಲ್ಲಿ 1,500 ಲೀಟರ್ ಹಿಡಿಯುತ್ತದೆ, ಅಂದರೆ ಒಂದೂವರೆ ಟನ್. ಹಿಂಭಾಗ ತಗ್ಗಿತು. ತಗ್ಗಿದಾಗ ಪಂಪಿನ ಪೈಪು ಹೊರಗೆ ತೆರೆದುಕೊಳ್ಳುವ ಬಾಯಿ ಕೆರೆಯ ನೀರಿನೊಳಗೆ ಹೋಯಿತು. ಇಂಥ ಸಣ್ಣ ಪಂಪುಗಳೊಳಗೆ ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್ ಸಾಮಾನ್ಯವಾಗಿ ಇರುವುದಿಲ್ಲ. ನೀರನ್ನು ಹೊರಗೆ ಹಾಕಬೇಕಾದ ಪೈಪಿನಲ್ಲೇ ಕೆರೆ ಒಳಗೆ ಹರಿದು ಬಂತು. ಕವರ್ ಒಳಗಿನಿಂದ ಹೀರುವಾಗ ಅಂಟಿತ್ತು. ನೀರು ಹಿಂದಕ್ಕೆ ಬಂದಾಗ ಅದು ಬಿಟ್ಟುಕೊಂಡಿತು. ದಡದಲ್ಲಿ ನೀರು ಆಳ ಇರಲಿಲ್ಲ, ಹಾಗಾಗಿ ದೋಣಿ ಪೂರ್ತಿ ಮುಳುಗಲಿಲ್ಲ, ಅಷ್ಟೇ.

ನೀರು ತೆಗೆದದ್ದು

ಮೊದಲ ಸಲಹೆ ಬಂದದ್ದು ಹತ್ತಿರದ ಕಟ್ಟಡದಿಂದ ಕರೆಂಟ್ ಎಳೆದು 230 ವೋಲ್ಟಿನ ಮಡ್ ಪಂಪ್ ಇಳಿಸೋಣ ಅಂತ. ಬೇಡ ಅಂದೆ. ಒದ್ದೆ ನೆಲ, ಕಬ್ಬಿಣದ ದೋಣಿ, ಸೊಂಟದವರೆಗೆ ನೀರಿನಲ್ಲಿ ನಿಂತ ಜನ, ಅರ್ಥಿಂಗ್ ಹೇಗಿದೆಯೋ ಗೊತ್ತಿಲ್ಲದ ಎಕ್ಸ್‌ಟೆನ್ಷನ್ ವಯರು. ಸೋರಿದ ಕರೆಂಟಿಗೆ ಕೂಡಲೇ ಬೀಳುವ 30 ಮಿಲಿಆಂಪಿಯರಿನ ಬ್ರೇಕರ್ ಇಲ್ಲದೆ ಇಂಥ ಕಡೆ ಕರೆಂಟ್ ಪಂಪ್ ಇಳಿಸಲೇಬಾರದು. ನೀರಿನ ಟ್ಯಾಂಕರಿನವರೊಬ್ಬರ ಹತ್ತಿರ ಪೆಟ್ರೋಲ್ ಪಂಪ್‌ಸೆಟ್ ಇತ್ತು. ಅದನ್ನು ದಡದ ಮೇಲೇ ಇಟ್ಟು, ಪೈಪ್ ಮಾತ್ರ ದೋಣಿಯೊಳಗೆ ಬಿಟ್ಟೆವು. ಪೆಟ್ರೋಲ್ ಇಂಜಿನ್ನನ್ನು ದೋಣಿಯ ಹೊಟ್ಟೆಯೊಳಗೆ ಇಟ್ಟರೆ ಹೊಗೆಯ ವಿಷ ಅಲ್ಲೇ ತುಂಬುತ್ತದೆ.

ಅದೇ ಕಾರಣಕ್ಕೆ ಇನ್ನೊಂದು ನಿಯಮ ಹಾಕಿಕೊಂಡೆವು. ಮುಚ್ಚಳ ಎಲ್ಲ ತೆಗೆದು ಅರ್ಧ ಗಂಟೆ ಬಿಟ್ಟೆವು. ಯಾರೂ ಒಬ್ಬರೇ ಒಳಗೆ ಇಳಿಯಬಾರದು, ಮೇಲೆ ಒಬ್ಬರು ನಿಂತೇ ಇರಬೇಕು. ನಮ್ಮ ಕೆರೆಗಳಿಗೆ ರಾಜಕಾಲುವೆಯಲ್ಲಿ ಮಳೆ ನೀರಿನ ಜೊತೆ ಏನೇನು ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಆ ನೀರು ಮುಚ್ಚಿದ ಜಾಗದಲ್ಲಿ ಕೊಳೆತರೆ ಏಳುವ ಗಾಳಿ ಮನುಷ್ಯನನ್ನು ಕೆಡವುತ್ತದೆ.

ಪಂಪಿನ ಬಾಯಿಯನ್ನು ತಳದ ಹತ್ತಿರ ಇಟ್ಟೆವು. ಮೇಲೆ ತೇಲುತ್ತಿದ್ದ ಆಯಿಲ್, ಡೀಸೆಲ್ ಪದರ ಕೆರೆಗೆ ಹೋಗಬಾರದಿತ್ತು. ಕೊನೆಯ ನಾಲ್ಕು ಬೆರಳು ನೀರು ಉಳಿದಾಗ ಪಂಪ್ ನಿಲ್ಲಿಸಿ, ಮಗ್ಗಿನಲ್ಲಿ ಮೊಗೆದು ಡ್ರಮ್ಮಿಗೆ ಹಾಕಿದೆವು. ಉಳಿದಿದ್ದನ್ನು ಹಳೇ ಬಟ್ಟೆಯಲ್ಲಿ ಒರೆಸಿದೆವು. ಕೆರೆ ಉಳಿಸುವ ದೋಣಿಯಿಂದಲೇ ಕೆರೆಗೆ ಆಯಿಲ್ ಬಿಡಬಾರದು ಅಲ್ವಾ?

ಮೂರು ಗಂಟೆಯಲ್ಲಿ ದೋಣಿ ಕೆಸರು ಬಿಟ್ಟು ಎದ್ದಿತು. ಎಲ್ಲರಿಗೂ ಉಸಿರು ಬಂತು. ನಮ್ಮ ತಪ್ಪು ಶುರುವಾದದ್ದೂ ಅಲ್ಲಿಂದಲೇ.

ಎಡಗಡೆ ಇಂಜಿನ್

ಹೊತ್ತು ಹನ್ನೊಂದು ದಾಟಿತ್ತು. ಬಡಾವಣೆಯಿಂದ ಫೋನ್ ಮೇಲೆ ಫೋನ್. ರಾತ್ರಿ ಬಸ್ಸಿನಲ್ಲಿ ಹೊರಟಿದ್ದ ಚಾಲಕರು ಅಷ್ಟರಲ್ಲಿ ಬಂದಿದ್ದರು. ಬ್ಯಾಟರಿ ಮೀಟರ್ ಹಾಕಿ ನೋಡಿದರೆ 9 ವೋಲ್ಟೂ ಇರಲಿಲ್ಲ. ತುಂಬಿದ ಬ್ಯಾಟರಿ 12.6 ತೋರಿಸಬೇಕು. ಒಂದು ಟ್ರ್ಯಾಕ್ಟರಿನ ಬ್ಯಾಟರಿ ತರಿಸಿದೆವು.

ನಾನು ನೋಡಿದ್ದು ಇಷ್ಟು. ನೀರಿನ ಗುರುತು ಸೆಲ್ಫ್ ಮೋಟಾರಿನ ಅರ್ಧದವರೆಗೆ ಇದೆ. ಏರ್ ಫಿಲ್ಟರ್ ಅದಕ್ಕಿಂತ ಒಂದೂವರೆ ಅಡಿ ಮೇಲೆ. ಫಿಲ್ಟರ್ ಬಿಚ್ಚಿ ಒಳಗೆ ಕೈ ಹಾಕಿದೆ. ಧೂಳು ಧೂಳಾಗಿ ಒಣಗಿತ್ತು. ಡಿಪ್‌ಸ್ಟಿಕ್‌ನಲ್ಲಿ (ಆಯಿಲ್ ಮಟ್ಟ ನೋಡುವ ಕಡ್ಡಿ) ಆಯಿಲ್ ಸ್ವಲ್ಪ ಜಾಸ್ತಿ ತೋರಿಸಿತು, ಆದರೆ ಬಣ್ಣ ಕಪ್ಪಾಗೇ ಇತ್ತು. ಮೂವತ್ತು ವರ್ಷ ಬಸ್ಸಿನಲ್ಲಿ ಕಲಿತದ್ದು ಒಂದೇ: ಇಂಜಿನ್ ನೀರು ಕುಡಿಯುವುದು ಏರ್ ಫಿಲ್ಟರಿನಿಂದ. ಅದು ಒಣಗಿದ್ದರೆ ಸಿಲಿಂಡರ್ ಒಣಗಿದೆ. "ಒಂದು ಸಲ ಸೆಲ್ಫ್ ಹೊಡೆದು ನೋಡೋಣ" ಅಂತ ಹೇಳಿದ್ದು ನಾನೇ.

ಮೊದಲ ಸಲ ಗರ್ ಅಂತ ಅರ್ಧ ಸುತ್ತು ತಿರುಗಿ ಟಕ್ ಅಂತ ನಿಂತಿತು. ಕೇಬಲ್ ಸಡಿಲ ಇರಬೇಕು ಅಂದುಕೊಂಡು ಬಿಗಿ ಮಾಡಿದೆವು. ಎರಡನೇ ಸಲವೂ ಹಾಗೇ. ಮೂರನೇ ಸಲ ಜೋರಾಗಿ ತಿರುಗಿತು. ಎರಡು ಸಿಲಿಂಡರ್ ಹಿಡಿದವು, ಒಂದು ಕ್ಷಣ ಇಂಜಿನ್ ಓಡಿತು ಅನ್ನಿಸಿತು. ಮರುಕ್ಷಣ ಒಳಗಿನಿಂದ ಠಣ್ ಅಂತ ಒಂದೇ ಒಂದು ಸದ್ದು. ದೋಣಿಯ ತಗಡು ಅದುರಿತು. ಇಂಜಿನ್ ನಿಂತಿತು.

ಆ ಸದ್ದನ್ನು ಡಿಪೋದಲ್ಲಿ ಹಿಂದೆ ಎರಡು ಸಲ ಕೇಳಿದ್ದೆ. ಕೈ ತಣ್ಣಗಾಯಿತು.

ನಿಂತ ಎರಡು ಗಂಟೆ

ಈಗ ಬಲಗಡೆಯ ಇಂಜಿನ್ ಇತ್ತು. "ಸಾರ್, ಒಂದ್ಸಲ ಇದನ್ನೂ ನೋಡೋಣ್ವಾ? ಒಂದು ಓಡಿದ್ರೂ ಸಾಕು, ಹಾಸು ಎಳೀಬಹುದು" ಅಂದರು ಚಾಲಕರು. ಗುತ್ತಿಗೆದಾರರ ಸೂಪರ್‌ವೈಸರ್ ಕೂಡ ಅದನ್ನೇ ಹೇಳಿದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಬಡಾವಣೆಯಲ್ಲಿ ನೀರು ಏರುತ್ತಿತ್ತು.

ಇಲ್ಲಿ ಮೇಡಂ ಒಂದು ಮಾತು ಹೇಳಿದರು. "ಕೋಡಿ ಬಿಡಿಸೋದು ಬೇರೆ ಕೆಲಸ, ದೋಣಿ ರಿಪೇರಿ ಬೇರೆ ಕೆಲಸ. ಎರಡನ್ನೂ ಒಂದಕ್ಕೊಂದು ಯಾಕೆ ಕಟ್ತೀರಿ?" ನನ್ನ ಪ್ರಕಾರ ಇಡೀ ಪ್ರಕರಣದ ದೊಡ್ಡ ತಿರುವು ಇದು. ಪಕ್ಕದ ರಸ್ತೆಯಲ್ಲಿ ಒಂದು ಹಿಟಾಚಿ ಕೆಲಸ ಮಾಡುತ್ತಿತ್ತು. ಪಾಲಿಕೆಯ ಎಂಜಿನಿಯರಿಗೆ ಹೇಳಿ ಅದನ್ನು ಏರಿಯ ಮೇಲೆ ತರಿಸಿದೆವು. ಹುಡುಗರು ಹಗ್ಗ ಹಾಕಿ ಹಾಸನ್ನು ತುಂಡು ತುಂಡಾಗಿ ದಡಕ್ಕೆ ಎಳೆದರು, ಹಿಟಾಚಿ ಎತ್ತಿ ಹಾಕಿತು. ಸಂಜೆಯ ಹೊತ್ತಿಗೆ ಕೋಡಿಯ ಬಾಯಿ ಮುಕ್ಕಾಲು ತೆರೆಯಿತು. ದೋಣಿಯ ಮೇಲಿದ್ದ ಆತುರ ಇಳಿಯಿತು.

ಆ ಮಧ್ಯೆ ಚಾಲಕರು ತಮ್ಮ ಭಾವನಿಗೆ ಫೋನ್ ಮಾಡಿದ್ದರು. ಅವರು ಮಲ್ಪೆ ಬಂದರಿನಲ್ಲಿ ಮೀನುಗಾರಿಕೆ ದೋಣಿಗಳ ಇಂಜಿನ್ ನೋಡುವವರು. ಸ್ಪೀಕರ್ ಹಾಕಿದರು. ನಾನು ಏರ್ ಫಿಲ್ಟರ್ ಒಣಗಿದ ವಿಷಯ, ಆಯಿಲ್ ಬಣ್ಣ, ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ.

"ಅದೆಲ್ಲ ಇರಲಿ ಮಾರಾಯ್ರೇ, ಸೈಲೆನ್ಸರಿನ ಬಾಯಿ ಎಲ್ಲಿ ಉಂಟು?"

ದೋಣಿಯ ಹಿಂಭಾಗದಲ್ಲಿ, ನೀರಿಗಿಂತ ಒಂದು ಗೇಣು ಮೇಲೆ ಅಂದೆ.

"ಈಗ ಮೇಲೆ. ಬೆಳಗ್ಗೆ ಎಲ್ಲಿತ್ತು?"

ಯಾರಿಗೂ ಗೊತ್ತಿರಲಿಲ್ಲ. ಆಗ ಮೇಡಂ ತಮ್ಮ ಫೋಟೋ ತೆಗೆದರು. ಬೆರಳಲ್ಲಿ ದೊಡ್ಡದು ಮಾಡಿ ನೋಡಿದೆವು. ದೋಣಿಯ ಹಿಂಭಾಗದಲ್ಲಿ ಹಳದಿ ಬಣ್ಣದ ಪಟ್ಟಿ ಇದೆ, ಅದರ ಕೆಳಗೆ ಎರಡು ಸೈಲೆನ್ಸರ್ ಬಾಯಿ ಇರಬೇಕು. ಫೋಟೋದಲ್ಲಿ ಪಟ್ಟಿಯ ಅಂಚಿನವರೆಗೆ ನೀರು. ಬಾಯಿ ಕಾಣುವುದೇ ಇಲ್ಲ.

ನಾವು ನೀರು ತೆಗೆದ ಕೂಡಲೇ ದೋಣಿ ಎದ್ದಿತು, ಸೈಲೆನ್ಸರ್ ಬಾಯಿ ನೀರಿನ ಮೇಲೆ ಬಂತು, ಸಾಕ್ಷಿ ಮಾಯವಾಯಿತು. ಬೆಳಗ್ಗೆ ಆ ಬಾಯಿಯಿಂದ ಕಪ್ಪು ನೀರು ತೊಟ್ಟಿಕ್ಕುತ್ತಿದ್ದುದನ್ನು ಅಷ್ಟರಲ್ಲಿ ಊರಿಂದ ಬಂದಿದ್ದ ಹೆಲ್ಪರ್ ಹುಡುಗ ನೋಡಿದ್ದನಂತೆ. ಮಳೆ ನೀರು ಅಂದುಕೊಂಡನಂತೆ.

ಬಸ್ಸಿನಲ್ಲಿ ಸೈಲೆನ್ಸರ್ ಮುಳುಗಿದರೂ ಇಂಜಿನ್ ಅದಕ್ಕಿಂತ ಮೇಲಿರುತ್ತದೆ. ದೋಣಿಯಲ್ಲಿ ಇಂಜಿನ್ ಕೂತಿರುವುದು ನೀರಿನ ಮಟ್ಟಕ್ಕಿಂತ ಕೆಳಗೆ. ಪೈಪಿನ ಬಾಯಿ ಮುಳುಗಿದರೆ ನೀರು ಇಳಿಜಾರಿನಲ್ಲಿ ಹರಿದು ನೇರ ಇಂಜಿನ್ನಿಗೆ ಬರುತ್ತದೆ. ಎಕ್ಸಾಸ್ಟ್ ವಾಲ್ವ್ ತೆರೆದು ನಿಂತಿರುವ ಸಿಲಿಂಡರಿನೊಳಗೆ ಇಳಿದು ಕೂರುತ್ತದೆ. ಏರ್ ಫಿಲ್ಟರಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ.

ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಈ ಇಂಜಿನ್ನಿನ ಒಂದೊಂದು ಸಿಲಿಂಡರ್ ಸುಮಾರು 750 ಮಿಲಿಲೀಟರ್. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 45 ಮಿಲಿಲೀಟರ್ ಆಸುಪಾಸು, ಅರ್ಧ ಟೀ ಲೋಟ. ಅದಕ್ಕಿಂತ ಒಂದು ಚಮಚ ಜಾಸ್ತಿ ನೀರಿದ್ದರೂ ಪಿಸ್ಟನ್ ಗೋಡೆಗೆ ಗುದ್ದಿದ ಹಾಗೆ. ಬರೀ ಸೆಲ್ಫಿನ ಶಕ್ತಿಯಾದರೆ ಅನೇಕ ಸಲ ಇಂಜಿನ್ ಸುಮ್ನೆ ನಿಂತುಬಿಡುತ್ತದೆ. ಎಡಗಡೆಯದು ಮೊದಲ ಎರಡು ಸಲ ನಿಂತದ್ದು ಅದಕ್ಕೇ. ಮೂರನೇ ಸಲ ಬೇರೆ ಸಿಲಿಂಡರ್ ಉರಿದು ತಳ್ಳಿತು. ಆ ಒತ್ತಡಕ್ಕೆ, ಪಿಸ್ಟನ್ನನ್ನು ಕ್ರ್ಯಾಂಕ್ ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗಿತು.

ಬಲಗಡೆ ಇಂಜಿನ್

ಮಲ್ಪೆಯವರು ಹೇಳಿದ ಮೊದಲ ಕೆಲಸ ಬ್ಯಾಟರಿ ಕೇಬಲ್ ಬಿಚ್ಚಿ ದೂರ ಇಡುವುದು. ಯಾರೂ ಮರೆತೂ ಕೀಲಿ ತಿರುಗಿಸಬಾರದು. ಎರಡನೆಯದು, ಇವತ್ತೇ ನಾಝಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ಬಿಚ್ಚಿ, ನಾಳೆಗೆ ಇಡಬೇಡಿ. ಇಂಜಿನ್ ನೀರಿನಲ್ಲಿ ಮುಳುಗಿದ್ದಾಗ ಆಗುವ ತುಕ್ಕಿಗಿಂತ, ನೀರಿನಿಂದ ಎತ್ತಿ ಗಾಳಿಗೆ ಬಿಟ್ಟ ಮೇಲೆ ಹಿಡಿಯುವ ತುಕ್ಕು ಜೋರು. ಸಮುದ್ರದ ನೀರಾದರೆ ಇನ್ನೂ ಬೇಗ. ಕೆರೆ ನೀರಾದ್ದರಿಂದ ನಮಗೆ ಸ್ವಲ್ಪ ಪುರುಸೊತ್ತು ಇತ್ತು, ಅಷ್ಟೇ.

ನಾಲ್ಕು ನಾಝಲ್ ಬಿಚ್ಚಿದೆವು. ಚಾಲಕರು ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ದೊಡ್ಡ ಸ್ಪ್ಯಾನರ್ ಹಾಕಿ ನಿಧಾನಕ್ಕೆ ಎಳೆದರು. ಕಾಲು ಸುತ್ತಿಗೆ ಮೂರನೇ ನಾಝಲಿನ ತೂತಿನಿಂದ ನೀರು ಉಕ್ಕಿತು. ಮಸಿ ಬೆರೆತ ಕಪ್ಪು ನೀರು. ಲೋಟ ಹಿಡಿದೆವು. ಒಂದು ಟೀ ಲೋಟ ತುಂಬಿ ಚೆಲ್ಲಿತು. ನಾಲ್ಕನೆಯದರಿಂದಲೂ ಸ್ವಲ್ಪ ಬಂತು. ಒಂದು, ಎರಡು ಒಣಗಿದ್ದವು. ಆ ಲೋಟ ನೋಡಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸೆಲ್ಫ್ ಹೊಡೆದಿದ್ದರೆ ಇದೂ ಹೋಗುತ್ತಿತ್ತು.

ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ನಾಲ್ಕು ಸಿಲಿಂಡರಿನದೂ ಒಂದು ಪೂರ್ತಿ ಆಟ ಮುಗಿಯುತ್ತದೆ. ನಾವು ಹತ್ತು ಸಲ ತಿರುಗಿಸಿದೆವು. ಆಮೇಲೆ ಒಂದೊಂದು ತೂತಿಗೂ ಇಂಜಿನ್ ಆಯಿಲ್ ಮತ್ತು ಡೀಸೆಲ್ ಬೆರೆಸಿ ಎರಡು ಚಮಚ ಬಿಟ್ಟು ಮತ್ತೆ ತಿರುಗಿಸಿದೆವು. ಗೋಡೆಗೆಲ್ಲ ಆಯಿಲ್ ಹತ್ತಿತು. ಸೈಲೆನ್ಸರ್ ಪೈಪ್ ಕಳಚಿ ಅದರೊಳಗಿನ ನೀರನ್ನೂ ಬಸಿದೆವು. ಇದನ್ನು ಮರೆತರೆ ಅದೇ ನೀರು ಮತ್ತೆ ಒಳಗೆ ಬರುತ್ತದೆ.

ರಾತ್ರಿ ಹೊರಡುವಾಗ ತಳವನ್ನು ಒಣಗಿಸಿ, ಒಳಗಿನ ಗೋಡೆಗೆ ಚಾಕ್‌ಪೀಸಿನಲ್ಲಿ ಒಂದು ಗೆರೆ ಎಳೆದೆವು. ಬೆಳಗ್ಗೆ ನೀರು ಗೆರೆಗಿಂತ ಎರಡು ಬೆರಳು ಮೇಲಿತ್ತು. ಮಳೆ ಬಂದಿರಲಿಲ್ಲ. ಅಂದರೆ ಶಾಫ್ಟ್ ನಿಂತಿರುವಾಗಲೂ ಎಡಗಡೆ ಗ್ಲ್ಯಾಂಡ್ ಸೋರುತ್ತಿತ್ತು. ನಟ್ ಕಾಲು ಸುತ್ತು ಬಿಗಿ ಮಾಡಿದಾಗ ಕಮ್ಮಿಯಾಯಿತು. ಹಗ್ಗ ಬದಲಿಸಿದ್ದು ಆಮೇಲೆ, ದೋಣಿ ಎತ್ತಿದಾಗ. ಹಳೇ ಹಗ್ಗ ಕೈಗೆ ಬಂದಾಗ ಒಣ ಸೆಣಬಿನ ಹಾಗಿತ್ತು, ಗ್ರೀಸಿನ ಜಿಡ್ಡೇ ಇರಲಿಲ್ಲ.

ಮಂಗಳವಾರ ಪೂರ್ತಿ ಆಯಿಲ್ ಮತ್ತು ಸೆಲ್ಫಿನದು. ದೋಣಿಯಲ್ಲಿ ಇಂಜಿನ್ನಿನ ಆಯಿಲ್ ಚೇಂಬರಿನ ಕೆಳಗೆ ಕೈ ಹೋಗುವುದಿಲ್ಲ, ಡ್ರೈನ್ ಬೋಲ್ಟ್ ಬಿಚ್ಚಲು ಜಾಗ ಇಲ್ಲ. ಡಿಪ್‌ಸ್ಟಿಕ್ ತೂತಿನಿಂದ ಸಣ್ಣ ಪೈಪ್ ತಳದವರೆಗೆ ಇಳಿಸಿ ಕೈಪಂಪಿನಲ್ಲಿ ಎಳೆದೆವು. ರಾತ್ರಿಯೆಲ್ಲ ನಿಂತಿದ್ದರಿಂದ ನೀರು ತಳಕ್ಕಿಳಿದಿತ್ತು. ಮೊದಲು ಬರೀ ನೀರು, ಆಮೇಲೆ ಆಯಿಲ್. ತುಂಬಿಸಿದ್ದು 7 ಲೀಟರ್, ಬಂದದ್ದು ಹತ್ತಿರ ಹತ್ತಿರ 9. ಡಿಪ್‌ಸ್ಟಿಕ್ ಕಪ್ಪಾಗಿ ತೋರಿಸಿದ್ದು ಯಾಕೆ ಅಂತ ಆಗ ತಿಳಿಯಿತು. ಇಂಜಿನ್ ತಿರುಗದಿದ್ದರೆ ನೀರು ಆಯಿಲ್ ಬೆರೆಯುವುದಿಲ್ಲ. ನೀರು ಕೆಳಗೆ ಮಲಗಿರುತ್ತದೆ, ಕಪ್ಪು ಆಯಿಲ್ ಮೇಲೆ. ಹಾಲು ಹಾಕಿದ ಕಾಫಿ ಬಣ್ಣ ಬರುವುದು ಓಡಿಸಿದ ಮೇಲೆ. ನಿಂತ ಇಂಜಿನ್ನಿನಲ್ಲಿ ನೋಡಬೇಕಾದ್ದು ಬಣ್ಣ ಅಲ್ಲ, ಮಟ್ಟ. ಸೋಮವಾರ ಮಟ್ಟ ಜಾಸ್ತಿ ಇದ್ದುದನ್ನು ನಾನು ನೋಡಿದ್ದೆ, ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಸೆಲ್ಫ್ ಮೋಟಾರನ್ನು ಬಿಚ್ಚಿ ಜೆ.ಸಿ. ರಸ್ತೆ ಕಡೆಯ ಒಂದು ವೈಂಡಿಂಗ್ ಅಂಗಡಿಗೆ ಕೊಟ್ಟೆವು. ಅವರು ತೊಳೆದು, ಓವನ್ನಿನಲ್ಲಿ ಹದವಾದ ಬಿಸಿಗೆ ಒಣಗಿಸಿ, ಕಾರ್ಬನ್ ಬದಲಿಸಿ ಸಂಜೆಗೆ ಕೊಟ್ಟರು. ಡೀಸೆಲ್ ಟ್ಯಾಂಕಿನ ತಳದಿಂದ ಒಂದು ಲೀಟರ್ ಬಸಿದು ಬಾಟಲಿಯಲ್ಲಿ ಇಟ್ಟರೆ ಕೆಳಗೆ ಒಂದು ಬೆರಳು ನೀರು ನಿಂತಿತು. ಅದು ಸ್ವಚ್ಛ ಬರುವವರೆಗೆ ಬಸಿದೆವು. ಫಿಲ್ಟರ್ ಬದಲಿಸಿದೆವು.

ಬುಧವಾರ ಬೆಳಗ್ಗೆ ನಾಝಲ್ ಕೂರಿಸಿ, ಕೈಪಂಪ್ ಒತ್ತಿ ಏರ್ ಲಾಕ್ ತೆಗೆದೆವು. ಸ್ಟಾಪ್ ಲಿವರ್ ಎಳೆದು ಹಿಡಿದೇ ಸೆಲ್ಫ್ ಹೊಡೆಸಿದೆ, ಡೀಸೆಲ್ ಹೋಗದ ಹಾಗೆ. ಆಯಿಲ್ ಪ್ರೆಶರ್ ಮುಳ್ಳು ಮೇಲೇಳುವವರೆಗೆ. ಆಮೇಲೆ ಲಿವರ್ ಬಿಟ್ಟೆ. ಎರಡನೇ ಹೊಡೆತಕ್ಕೆ ಹಿಡಿಯಿತು. ಎರಡು ನಿಮಿಷ ಬಿಳಿ ಹೊಗೆ, ನಂತರ ತೆಳುವಾಯಿತು. ಚಾಲಕರು ಇಂಜಿನ್ನಿಗೆ ಕೈ ಮುಗಿದರು.

ಅಲ್ಲಿಗೆ ಮುಗಿಸಲಿಲ್ಲ. ಹತ್ತು ನಿಮಿಷ ಓಡಿಸಿ, ಬಿಸಿ ಇರುವಾಗಲೇ ಆಯಿಲ್ ತೆಗೆದೆವು. ಕಾಫಿ ಬಣ್ಣ. ಹೊಸದು ಹಾಕಿ ಒಂದು ಗಂಟೆ ಓಡಿಸಿ ಮತ್ತೆ ತೆಗೆದೆವು. ತೆಳು ಬೂದು. ಮೂರನೇ ಸಲದ್ದು ಸ್ವಚ್ಛ ಇತ್ತು. ಮೂರು ಸಲದ ಆಯಿಲ್ ದಂಡ ಅಂತ ಸೂಪರ್‌ವೈಸರ್ ಅಂದರು. ಬೇರಿಂಗಿನ ಬೆಲೆ ಅವರಿಗೆ ಹೇಳಿದೆ. ಬಲಗಡೆಯ ಒಟ್ಟು ಖರ್ಚು 11 ಸಾವಿರ ದಾಟಲಿಲ್ಲ. ತೆಗೆದ ಆಯಿಲ್ಲನ್ನೆಲ್ಲ ಡ್ರಮ್ಮಿನಲ್ಲಿಟ್ಟು ಪರವಾನಗಿ ಇರುವ ಮರುಬಳಕೆಯವರಿಗೆ ಕೊಟ್ಟೆವು.

ಕಲಾಸಿಪಾಳ್ಯದಲ್ಲಿ

ಎಡಗಡೆಯದನ್ನು ಬಿಚ್ಚುವಾಗ ನಾನು ಹೋಗಿದ್ದೆ. ಹೆಡ್ ಎತ್ತಿದ ಮೇಲೆ ಮೇಸ್ತ್ರಿ ಒಂದು ಉಕ್ಕಿನ ಪಟ್ಟಿಯನ್ನು ಬ್ಲಾಕಿನ ಮೇಲೆ ಅಡ್ಡ ಇಟ್ಟರು. ಒಂದೊಂದು ಪಿಸ್ಟನ್ನನ್ನೂ ಪೂರ್ತಿ ಮೇಲೆ ತಂದು ಪಟ್ಟಿಯ ಕೆಳಗೆ ಬೆಳಕು ನೋಡಿದರು. ಮೂರು ಪಿಸ್ಟನ್ ಪಟ್ಟಿಗೆ ತಾಗುವಷ್ಟು ಬಂದವು. ಮೂರನೇ ಸಿಲಿಂಡರಿನದು ಎರಡು ಮಿಲಿಮೀಟರ್ ಕೆಳಗೇ ನಿಂತಿತು. "ನೋಡಿ ಸಾರ್, ರಾಡ್ ಗಿಡ್ಡ ಆಗಿದೆ" ಅಂದರು. ರಾಡ್ ಹೊರಗೆ ತೆಗೆದು ಗಾಜಿನ ಮೇಲೆ ಇಟ್ಟಾಗ ಬಾಗಿದ್ದು ಕಣ್ಣಿಗೇ ಕಂಡಿತು. ಸಿಲಿಂಡರಿನ ಒಳಗೋಡೆಯಾದ ಲೈನರ್ ಗೀರಿತ್ತು, ಪಿಸ್ಟನ್ ಒಂದು ಕಡೆ ಸವೆದಿತ್ತು. ಸಾಮಾನು, ಕೂಲಿ, ಕ್ರೇನು ಸೇರಿ 64 ಸಾವಿರ.

ಮೊದಲ ಟಕ್ ಆದಾಗಲೇ ನಿಂತಿದ್ದರೆ ಈ ರಾಡ್ ಉಳಿಯುತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ಇಂಜಿನ್ ಅರ್ಧ ಸುತ್ತಿಗೆ ಬಿಗಿಯಾಗಿ ನಿಲ್ಲುವುದು, ನಿಧಾನಕ್ಕೆ ಎಳೆದು ನಿಲ್ಲುವುದು, ಇವೆರಡೂ ಬೇರೆ. ಬ್ಯಾಟರಿ ಕಮ್ಮಿಯಿದ್ದರೆ ಎಳೆದೆಳೆದು ಸುಸ್ತಾಗಿ ನಿಲ್ಲುತ್ತದೆ. ಒಳಗೆ ನೀರಿದ್ದರೆ ಓಡುತ್ತಿದ್ದವನು ಬಾಗಿಲಿಗೆ ಗುದ್ದಿದ ಹಾಗೆ ಒಮ್ಮೆಗೇ ನಿಲ್ಲುತ್ತದೆ. ಕಿವಿಗೆ ಆ ವ್ಯತ್ಯಾಸ ಕೇಳಿಸಿತ್ತು. ಫೋನುಗಳ ಗದ್ದಲದಲ್ಲಿ ಅದನ್ನು ಕೇಬಲ್ ಸಡಿಲ ಅಂತ ಮಾಡಿಕೊಂಡೆ.

ದೋಣಿಯಲ್ಲಿ ಈಗ ಏನೇನು ಬದಲಾಗಿದೆ

ಸೈಲೆನ್ಸರ್ ಪೈಪನ್ನು ಇಂಜಿನ್ನಿನಿಂದ ಮೊದಲು ಮೇಲಕ್ಕೆ ಎತ್ತಿ, ಡೆಕ್ಕಿನ ಮಟ್ಟದವರೆಗೆ ಕೊಂಡೊಯ್ದು, ಅಲ್ಲಿಂದ ಬಾಗಿಸಿ ಹೊರಗೆ ಬಿಟ್ಟಿದ್ದೇವೆ. ಬಕಪಕ್ಷಿಯ ಕತ್ತಿನ ಹಾಗೆ. ಈಗ ಬಾಯಿ ಮುಳುಗಿದರೂ ನೀರು ಆ ಕತ್ತು ಹತ್ತಬೇಕು. ಬಿಲ್ಜ್ ಪಂಪಿನ ಪೈಪಿಗೂ ಹಾಗೇ ಒಂದು ಎತ್ತರದ ಸುತ್ತು ಕೊಟ್ಟು, ಅದರ ನೆತ್ತಿಯಲ್ಲಿ ಗಾಳಿ ಹೋಗುವ ಸಣ್ಣ ತೂತು ಬಿಟ್ಟಿದ್ದೇವೆ. ಗಾಳಿ ಸೇರಿದರೆ ನೀರು ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ.

ಪಂಪಿಗೆ ಬೇರೆಯೇ ಬ್ಯಾಟರಿ, ಅದಕ್ಕೆ ಸಣ್ಣ ಸೋಲಾರ್ ತಗಡು. ಮೇನ್ ಸ್ವಿಚ್ ಆಫ್ ಮಾಡಿದರೂ ಪಂಪಿನ ವಯರ್ ಫ್ಯೂಸ್ ಮೂಲಕ ನೇರ ಬ್ಯಾಟರಿಗೆ ಹೋಗುತ್ತದೆ. ಪಂಪ್ ಮತ್ತು ಫ್ಲೋಟ್ ಎರಡನ್ನೂ ಜಾಲರಿ ಡಬ್ಬಿಯೊಳಗೆ ಕೂರಿಸಿದ್ದೇವೆ. ಒಂದು ಗೇಣು ಮೇಲೆ ಇನ್ನೊಂದು ಫ್ಲೋಟ್ ಇದೆ, ಅದಕ್ಕೆ ಲಾರಿ ಹಾರ್ನ್ ಕಟ್ಟಿದೆ. ಪಂಪ್ ಸೋತರೆ ಅದು ಕೂಗುತ್ತದೆ, ವಾಚ್‌ಮನ್ನಿಗೆ ಕೇಳಿಸುತ್ತದೆ.

ತಳದ ಗೋಡೆಗೆ ಚಾಕ್ ಗೆರೆಯ ಜಾಗದಲ್ಲಿ ಈಗ ಕೆಂಪು ಪೇಂಟಿನ ಗೆರೆ. ದಿನಾ ಸಂಜೆ ಯಾರಾದರೂ ಒಬ್ಬರು ಮುಚ್ಚಳ ಎತ್ತಿ, ಟಾರ್ಚ್ ಬಿಟ್ಟು, ಆ ಗೆರೆಯ ಫೋಟೋ ಗ್ರೂಪಿಗೆ ಹಾಕುತ್ತಾರೆ. ಹಬ್ಬದ ದಿನವೂ. ಹೀಗೆ ಮಾಡಲೇಬೇಕು ಅಂತ ಕೇಳಿದ್ದು ಮೇಡಂ. ಎರಡು ನಿಮಿಷದ ಕೆಲಸ, ಇಲ್ಲಿಯವರೆಗೆ ಒಂದು ದಿನವೂ ತಪ್ಪಿಲ್ಲ.

ಎಡಗಡೆ ಇಂಜಿನ್ ಅಕ್ಟೋಬರ್ ಮೂರನೇ ವಾರ ಬಂತು. ಕೂರಿಸಿ, ಪೈಪುಗಳನ್ನೆಲ್ಲ ಜೋಡಿಸಿ, ಬ್ಯಾಟರಿ ಕಟ್ಟಿದ್ದಾಯಿತು. ಸುತ್ತ ಏಳೆಂಟು ಜನ ನಿಂತಿದ್ದೆವು. ಚಾಲಕರು ಕೀಲಿಗೆ ಕೈ ಹಾಕಲಿಲ್ಲ. ಕೆಳಗೆ ಬಗ್ಗಿ ಪುಲ್ಲಿಗೆ ದೊಡ್ಡ ಸ್ಪ್ಯಾನರ್ ಹಾಕಿದರು. ಒಂದು ಸುತ್ತು, ಎರಡು ಸುತ್ತು. ಎಲ್ಲೂ ತಡೆಯದೆ ತಿರುಗಿತು. ಸ್ಪ್ಯಾನರ್ ತೆಗೆದು ಹೆಲ್ಪರ್ ಹುಡುಗನ ಕೈಗೆ ಕೊಟ್ಟು, ಆಮೇಲೆ ಮೇಲೆ ಬಂದು ಕೀಲಿ ತಿರುಗಿಸಿದರು.